ಶಾಲೆಯನ್ನು ತೊರೆಯುವುದು ಧರ್ಮರಕ್ಷಣೆಯೇ?

ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲಿಯೇ ಓದಿಸುವ ಪದ್ಧತಿಯು ವಿದೇಶಗಳಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಭಾರತದ ದೊಡ್ಡ ನಗರಗಳಲ್ಲಿಯೂ ಇದನ್ನು ಅನುಸರಿಸುವ ವಿದ್ಯಾವಂತ ಕುಟುಂಬಗಳಿವೆ. 2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಸಾಂಕ್ರಾಮಿಕದ ಕಾರಣದಿಂದ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಹತ್ತೊಂಬತ್ತು ತಿಂಗಳುಗಳಲ್ಲಿ ಅನೇಕ ಮನೆಗಳು ಸಂಕಟಪಟ್ಟವು. ಆದರೆ ಅನುಕೂಲಸ್ಥ ಕುಟುಂಬಗಳಲ್ಲಿ ಕೆಲವರಿಗೆ ಅಜ್ಜ-ಅಜ್ಜಿಯರ ಸಂಗ, ಮನೆಯ ಶುದ್ಧ ಆಹಾರ, ಸೂರ್ಯಾಸ್ತಕ್ಕೆ ಮುನ್ನ ಎಲ್ಲರೂ ಒಟ್ಟಿಗೆ ಕುಳಿತು ಮಾಡುವ ಊಟ ಇವುಗಳ ಸುಖ ಅನುಭವಕ್ಕೆ ಬಂತು. ಶಾಲೆಯಿಲ್ಲದೆಯೂ ನಡೆಯಬಹುದಲ್ಲ ಎಂಬ ವಿಚಾರವು ಅಲ್ಲಿ ಬೇರೂರಿತು.

ಇತರರಿಗೆ ಇದು ಶಿಕ್ಷಣಪದ್ಧತಿಯ ಪ್ರಶ್ನೆ. ಜೈನ ಕುಟುಂಬದಲ್ಲಿ ಇದು ಧರ್ಮದ ಪ್ರಶ್ನೆಯ ರೂಪವನ್ನು ತಾಳುತ್ತದೆ. ಮಗುವಿನ ಆಹಾರಶುದ್ಧಿ, ಆಚಾರ, ಅಹಿಂಸಾಭಾವನೆ ಇವು ಉಳಿಯಬೇಕಾದರೆ ಅದನ್ನು ಇಂದಿನ ಶಾಲೆಯಿಂದ ದೂರವಿಡುವುದೇ ಶ್ರಾವಕರ ಕರ್ತವ್ಯ ಎಂಬ ವಾದ ಹುಟ್ಟುತ್ತದೆ. ಈ ವಾದದ ಹಿಂದೆ ಸದುದ್ದೇಶವಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸದುದ್ದೇಶದಿಂದ ಹುಟ್ಟಿದ ವಾದವೆಲ್ಲ ಸಮ್ಯಕ್ ವಾದವಾಗದು. ಗೃಹಶಿಕ್ಷಣದ ಗುಣದೋಷಗಳನ್ನು ಪಕ್ಷಪಾತವಿಲ್ಲದೆ ತೂಗಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಶಾಲೆಗೆ ಹೆದರಿ ಮಗುವನ್ನು ಮನೆಯಲ್ಲಿ ಕೂಡಿಹಾಕುವುದು ಧರ್ಮವನ್ನು ರಕ್ಷಿಸುವುದಿಲ್ಲ, ಮನೆಯೂ ಬಸದಿಯೂ ತಮ್ಮ ಪಾಲಿನ ಕೆಲಸವನ್ನು ಮಾಡಿಲ್ಲವೆಂಬ ಸತ್ಯವನ್ನು ಅದು ಮರೆಮಾಡುತ್ತದೆ, ಅಷ್ಟೆ.

ಗೃಹಶಿಕ್ಷಣದ ಪರವಾದ ಮಾತುಗಳು

ಮೊದಲು ಆ ಪಕ್ಷದ ಮಾತುಗಳನ್ನು ಗೌರವದಿಂದ ಕೇಳುವುದು ನ್ಯಾಯ. ಇಂದಿನ ಶಾಲೆಯಲ್ಲಿ ದೋಷಗಳಿಲ್ಲವೆಂದು ಯಾರೂ ಹೇಳಲಾರರು. ಮಕ್ಕಳ ಮೇಲೆ ಬಿದ್ದಿರುವ ಓದಿನ ಹೊರೆಯನ್ನು ಕುರಿತು ಪ್ರೊಫೆಸರ್ ಯಶಪಾಲ್ ಅವರ ಸಮಿತಿಯು 1993ರಲ್ಲಿಯೇ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟಿತು. ಮಗುವಿನ ಬೆನ್ನಿನ ಮೇಲಿನ ಚೀಲದ ಭಾರಕ್ಕಿಂತ, ಅರ್ಥವಾಗದೆ ಓದಬೇಕಾದ ಭಾರವು ಹೆಚ್ಚು ಕೆಟ್ಟದ್ದೆಂಬುದು ಆ ವರದಿಯ ತಿರುಳು. ಮೂರು ದಶಕಗಳ ಅನಂತರವೂ ಆ ಭಾರ ಇಳಿದಿಲ್ಲ. ಅಂಕಗಳ ಹುಚ್ಚು, ಶಾಲೆ ಬಿಟ್ಟೊಡನೆ ಟ್ಯೂಷನ್, ಟ್ಯೂಷನ್ ಮುಗಿಯುವ ವೇಳೆಗೆ ಅಸ್ತಮಿಸಿದ ಸೂರ್ಯ, ಇವು ಪ್ರತಿದಿನದ ಅನುಭವ. ರಾತ್ರಿಭೋಜನ ತ್ಯಾಗವನ್ನು ಪಾಲಿಸಬೇಕೆಂದಿರುವ ಮಗುವಿಗೆ ಈ ವೇಳಾಪಟ್ಟಿಯೇ ದೊಡ್ಡ ಉಪಸರ್ಗವಾಗಿ ಪರಿಣಮಿಸಿದೆ.

ಆಹಾರದ ವಿಷಯವೂ ಹಾಗೆಯೇ. ಕರ್ನಾಟಕ ಸರ್ಕಾರವು 2021ರ ಡಿಸೆಂಬರ್ ತಿಂಗಳಿನಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನು ಕೊಡಲು ಆರಂಭಿಸಿ, ಅನಂತರ ಆ ಯೋಜನೆಯನ್ನು ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿಯನ್ನು ಕೊಡುವ ಏರ್ಪಾಡೂ ಆಯಿತು. ಆದರೂ ಒಂದೇ ಸಾಲಿನಲ್ಲಿ ಕುಳಿತ ಮಕ್ಕಳ ನಡುವೆ ತನ್ನ ಮಗು ಏನು ಕಲಿತೀತು ಎಂಬ ಅಳುಕು ತಾಯಂದಿರನ್ನು ಕಾಡಿದ್ದು ಸಹಜ.

ಗೃಹಶಿಕ್ಷಣದಲ್ಲಿ ನಿಜವಾದ ಅನುಕೂಲಗಳೂ ಇವೆ. ಮಗುವಿನ ಗ್ರಹಣಶಕ್ತಿಗೆ ತಕ್ಕಂತೆ ಪಾಠದ ವೇಗವನ್ನು ಹೊಂದಿಸಬಹುದು. ಗಣಿತದಲ್ಲಿ ಮುಂದಿರುವ ಮಗು ಭಾಷೆಯಲ್ಲಿ ಹಿಂದಿದ್ದರೆ ಅದಕ್ಕಾಗಿ ಅವಮಾನಪಡಬೇಕಾಗಿಲ್ಲ. ಕನ್ನಡದಲ್ಲಿ ಕಲಿಸಬಹುದು, ಪ್ರಾಕೃತ-ಸಂಸ್ಕೃತಗಳಿಗೆ ಸಮಯ ಸಿಗುತ್ತದೆ. ದೀರ್ಘಕಾಲ ಅಸ್ವಸ್ಥವಾಗಿರುವ ಮಗು, ವಿಶೇಷ ಆರೈಕೆ ಬೇಕಾದ ಮಗು, ಶಾಲೆಯಲ್ಲಿ ಕಿರುಕುಳಕ್ಕೆ ಒಳಗಾಗಿ ನೊಂದ ಮಗು, ಇಂತಹವರಿಗೆ ಮನೆಯೇ ಉತ್ತಮ ಆಶ್ರಯವಾಗಬಹುದು. 1989ರಲ್ಲಿ ಸ್ಥಾಪನೆಯಾಗಿ ಇಂದು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯೆಂದು ಕರೆಯಲ್ಪಡುವ ಸಂಸ್ಥೆಯ ಮೂಲಕ, ಹದಿನಾಲ್ಕು ವರ್ಷ ತುಂಬಿದ ಮಗುವು ಶಾಲೆಗೆ ಹೋಗದೆಯೂ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಇಂತಹ ವಿಶೇಷ ಸಂದರ್ಭಗಳಲ್ಲಿ ಗೃಹಶಿಕ್ಷಣವನ್ನು ಆರಿಸಿಕೊಂಡ ಕುಟುಂಬವನ್ನು ಟೀಕಿಸುವುದು ಅನುಚಿತ. ವಿವಾದವಿರುವುದು ಬೇರೆ ಕಡೆ. ಆರೋಗ್ಯವಾಗಿರುವ, ಚುರುಕಾಗಿರುವ ಮಗುವನ್ನು ಧರ್ಮದ ಹೆಸರಿನಲ್ಲಿ ಸಹಪಾಠಿಗಳಿಂದ ಬೇರ್ಪಡಿಸುವುದು ಸರಿಯೇ ಎಂಬುದು ಇಲ್ಲಿಯ ಪ್ರಶ್ನೆ.

ಬ್ರಾಹ್ಮಿ-ಸುಂದರಿಯರ ದೃಷ್ಟಾಂತ

ಗೃಹಶಿಕ್ಷಣದ ಸಮರ್ಥಕರು ಮುಂದಿಡಬಹುದಾದ ಪೌರಾಣಿಕ ದೃಷ್ಟಾಂತವೊಂದಿದೆ. ಆದಿತೀರ್ಥಂಕರ ವೃಷಭದೇವನು ತನ್ನ ಪುತ್ರಿಯರಾದ ಬ್ರಾಹ್ಮಿ ಮತ್ತು ಸುಂದರಿಯರಿಗೆ ತಾನೇ ವಿದ್ಯೆಯನ್ನು ಕಲಿಸಿದನು. ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಅನುಗ್ರಹಿಸಿದನು. ಜಗತ್ತಿನ ಮೊದಲ ಪಾಠವು ತಂದೆಯ ಮಡಿಲಲ್ಲಿ ನಡೆಯಿತೆಂದು ಪುರಾಣವೇ ಹೇಳುವಾಗ ಶಾಲೆಯ ಅವಶ್ಯಕತೆಯೇನು ಎಂದು ಕೇಳಬಹುದು.

ದೃಷ್ಟಾಂತವನ್ನು ಅರ್ಧಕ್ಕೆ ನಿಲ್ಲಿಸಿದರೆ ಅದು ದೃಷ್ಟಾಂತವಾಗದು. ವೃಷಭದೇವನು ತನ್ನ ಮಕ್ಕಳಿಗೆ ಮಾತ್ರ ಕಲಿಸಿ ಸುಮ್ಮನಾಗಲಿಲ್ಲ. ಕಲ್ಪವೃಕ್ಷಗಳು ಕಣ್ಮರೆಯಾಗಿ ದಿಕ್ಕುಗೆಟ್ಟ ಪ್ರಜೆಗಳೆಲ್ಲರಿಗೂ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದನು. ಬ್ರಾಹ್ಮಿಗೆ ಕೊಟ್ಟ ಲಿಪಿಯು ಅರಮನೆಯ ಗೋಡೆಯೊಳಗೆ ಉಳಿಯಲಿಲ್ಲ. ಆಕೆಯ ಹೆಸರಿನಲ್ಲಿಯೇ ಲೋಕದ ಸೊತ್ತಾಯಿತು. ಮುಂದೆ ಬ್ರಾಹ್ಮಿಯು ಸಮವಸರಣದಲ್ಲಿ ಆರ್ಯಿಕೆಯರ ಸಂಘಕ್ಕೆ ಮುಖ್ಯಳಾದಳು. ಆ ಸಮವಸರಣದಲ್ಲಾದರೋ ದೇವ, ಮಾನವ, ತಿರ್ಯಂಚರೆಲ್ಲರಿಗೂ ಸ್ಥಾನವಿತ್ತು. ಮಡಿಲಿನಲ್ಲಿ ಆರಂಭವಾದ ಪಾಠವು ಮಹಾಸಭೆಯಲ್ಲಿ ಪೂರ್ಣವಾಯಿತೆಂಬುದು ಆ ಕಥೆಯ ಆಶಯ.

ಶಾಸ್ತ್ರದ ವಿಧಿಯೂ ಇದನ್ನೇ ಸೂಚಿಸುತ್ತದೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಹೇಳಿರುವ ಐವತ್ಮೂರು ಗರ್ಭಾನ್ವಯ ಕ್ರಿಯೆಗಳಲ್ಲಿ ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ ಕ್ರಿಯೆಯಿದೆ. ಎಂಟನೆಯ ವರ್ಷದಲ್ಲಿ ಉಪನೀತಿಯಿದೆ. ಅದರ ಅನಂತರ ವಿದ್ಯಾರ್ಥಿಯು ಗುರುವಿನ ಬಳಿಯಲ್ಲಿ ಅಧ್ಯಯನ ಮಾಡುವ ವ್ರತಚರ್ಯೆಯಿದೆ. ಎಳೆಯ ವಯಸ್ಸಿನಲ್ಲಿ ಮನೆ, ಅನಂತರ ಗುರು, ಅನಂತರ ಲೋಕ ಎಂಬ ಕ್ರಮವನ್ನು ಪೂರ್ವಾಚಾರ್ಯರು ಬಲ್ಲವರಾಗಿದ್ದರು. ಹದಿನೈದು ವರ್ಷದವರೆಗೂ ತಂದೆತಾಯಿಗಳೇ ಗುರುಗಳಾಗಿ, ಬೇರೆ ಯಾವ ಗುರುವಿನ ಮುಖವನ್ನೂ ಕಾಣದೆ ಬೆಳೆಯಬೇಕೆಂದು ಯಾವ ಆಚಾರ್ಯರೂ ವಿಧಿಸಿಲ್ಲ.

ತ್ಯಾಗವೋ, ಅಭಾವವೋ?

ಈ ಚರ್ಚೆಯ ಮರ್ಮವಿರುವುದು ವ್ರತದ ಸ್ವರೂಪದಲ್ಲಿ. ವಸ್ತುವನ್ನು ಅರಿತು, ಅದರ ಆಕರ್ಷಣೆಯನ್ನೂ ಅರಿತು, ಅದು ಹಿಂಸೆಗೆ ಕಾರಣವೆಂದು ತಿಳಿದು ಬಿಡುವುದು ತ್ಯಾಗ. ಎಂದೂ ಕಾಣದ ವಸ್ತುವನ್ನು ತಿನ್ನದೆ ಇರುವುದು ತ್ಯಾಗವಲ್ಲ. ಅದು ಕೇವಲ ಅಭಾವ. ಮನೆಯಿಂದ ಹೊರಗೆ ಹೋಗದ ಕಾರಣ ಅಭಕ್ಷ್ಯವನ್ನು ತಿನ್ನದ ಮಗುವಿನಲ್ಲಿ ಇನ್ನೂ ವ್ರತವು ಹುಟ್ಟಿಲ್ಲ. ಇಂದಲ್ಲ ನಾಳೆ ಆ ಮಗು ಕಾಲೇಜಿಗೆ ಹೋಗಲೇಬೇಕು, ಉದ್ಯೋಗಕ್ಕಾಗಿ ಪರಊರಿಗೆ ಹೋಗಲೇಬೇಕು. ಆರು ವರ್ಷದಲ್ಲಿ ಸಹಪಾಠಿಯ ಬುತ್ತಿಯ ಎದುರಿನಲ್ಲಿ, ಬೇಡ, ಇದು ನನಗೆ ಆಗದು ಎಂದು ಹೇಳಲು ಕಲಿಯದವನು, ಹದಿನೆಂಟರಲ್ಲಿ ಹಾಸ್ಟೆಲಿನ ಊಟದ ಮೇಜಿನ ಎದುರು ಅದನ್ನು ಹೇಳಬಲ್ಲನೇ?

ಈ ಮಾತಿಗೆ ಇತಿಹಾಸದಲ್ಲಿ ಉಜ್ವಲವಾದ ಉದಾಹರಣೆಯಿದೆ. 1888ರಲ್ಲಿ ಮೋಹನದಾಸ ಗಾಂಧಿಯವರು ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿಯವರಿಗೆ ಇದೇ ಅಳುಕಿತ್ತು. ಆಗ ಜೈನ ಮುನಿಗಳಾದ ಬೇಚರಜೀ ಸ್ವಾಮಿಯವರು ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು ಆ ತರುಣನಿಗೆ ಕೊಡಿಸಿದರು, ತಾಯಿ ಅನುಮತಿಯಿತ್ತರು. ಮಗನು ಕೆಡುವನೆಂದು ರಾಜಕೋಟೆಯಲ್ಲಿ ಹಿಡಿದಿಡಲಿಲ್ಲ. ವ್ರತವನ್ನು ಕೊಟ್ಟು ಸಮುದ್ರವನ್ನು ದಾಟಿಸಿದರು. ಲಂಡನ್ನಿನಲ್ಲಿ ಅರೆಹೊಟ್ಟೆಯ ದಿನಗಳು ಬಂದವು, ಮಾಂಸ ತಿನ್ನೆಂದು ಸ್ನೇಹಿತರು ಒತ್ತಾಯಿಸಿದರು, ಪ್ರತಿಜ್ಞೆ ಮುರಿಯಲಿಲ್ಲ. ಅಷ್ಟೇ ಆಗಿದ್ದರೆ ಅದು ಮಾತೃಭಕ್ತಿಯ ಕಥೆ ಮಾತ್ರ. ಅಲ್ಲಿಯ ಸಸ್ಯಾಹಾರಿ ಭೋಜನಾಲಯವೊಂದರಲ್ಲಿ ಹೆನ್ರಿ ಸಾಲ್ಟ್ ಎಂಬ ಆಂಗ್ಲ ಲೇಖಕನ ಪುಸ್ತಕವನ್ನು ಕೊಂಡು ಓದಿದ ಮೇಲೆ, ತಾನು ಅಂದಿನಿಂದ ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಗಾಂಧಿಯವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮನೆಯು ಕೊಟ್ಟದ್ದು ಬೀಜ. ಅದು ವೃಕ್ಷವಾದದ್ದು ಪರದೇಶದ ಬಯಲಿನಲ್ಲಿ, ಪರಕೀಯರೊಡನೆ ವಾದಿಸಿ, ಪರಕೀಯನೊಬ್ಬನ ಪುಸ್ತಕವನ್ನು ಓದಿ. ಒಳ್ಳೆಯ ವಿಚಾರವು ಜೈನೇತರನ ಬಾಯಿಂದಲೂ ಬರಬಹುದೆಂಬ ಅನುಭವವೇ ಅನೇಕಾಂತದ ಮೊದಲ ಪಾಠವಲ್ಲವೆ? ಆ ಪಾಠವು ಮನೆಯ ನಾಲ್ಕು ಗೋಡೆಗಳ ನಡುವೆ ದೊರೆಯುವುದು ಕಷ್ಟ.

ಮೊಟ್ಟೆಯ ಪ್ರಶ್ನೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಪಕ್ಕದಲ್ಲಿ ಕುಳಿತ ಬಡವರ ಮಗುವಿಗೆ ಅದು ಹಸಿವಿನ ಆಹಾರ. ಜೈನ ಮಗು ತನ್ನ ಬಾಳೆಹಣ್ಣನ್ನು ತಿಂದು ತನ್ನ ನಿಯಮವನ್ನು ಕಾಯಬೇಕು. ಅದರೊಡನೆ ಆ ಗೆಳೆಯನನ್ನು ಹೀನಾಯವಾಗಿ ಕಾಣದಿರುವುದನ್ನೂ ಕಲಿಯಬೇಕು. ಆಹಾರದಲ್ಲಿ ಅಹಿಂಸೆಯಿದ್ದು ನೋಟದಲ್ಲಿ ತಿರಸ್ಕಾರವಿದ್ದರೆ ಅದು ಭಾವಹಿಂಸೆ. ದ್ರವ್ಯಹಿಂಸೆಯನ್ನು ತಪ್ಪಿಸಲು ಭಾವಹಿಂಸೆಯನ್ನು ಬೆಳೆಸುವ ಶಿಕ್ಷಣವು ಜೈನ ಶಿಕ್ಷಣವಾಗಲಾರದು.

ತಂದೆಯ ವಿಶ್ವಾಸ, ಮಗನ ಅಳಲು

ಗಾಂಧಿಯವರ ಬದುಕೇ ನಾಣ್ಯದ ಇನ್ನೊಂದು ಮುಖವನ್ನೂ ತೋರಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ ಅವರು ತಮ್ಮ ಗಂಡುಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ಯೂರೋಪಿಯನ್ನರ ಮಕ್ಕಳಿಗೆಂದಿದ್ದ ಶಾಲೆಯಲ್ಲಿ ವಿಶೇಷ ದಯೆಯಿಂದ ಪ್ರವೇಶ ಸಿಗಬಹುದಾಗಿತ್ತು; ಉಳಿದ ಭಾರತೀಯ ಮಕ್ಕಳಿಗೆ ಇಲ್ಲದ ಸೌಲಭ್ಯ ತಮ್ಮ ಮಕ್ಕಳಿಗೂ ಬೇಡವೆಂದರು. ಕಾರಣ ಉದಾತ್ತವಾಗಿತ್ತು. ತಾವೇ ಕಲಿಸಲು ಹೊರಟರು. ಆದರೆ ಸಾರ್ವಜನಿಕ ಕಾರ್ಯದ ನಡುವೆ ಬೇಕಾದಷ್ಟು ಸಮಯವನ್ನು ಕೊಡಲಾಗಲಿಲ್ಲವೆಂದೂ, ಮಕ್ಕಳಿಗೆ ಆ ಬಗ್ಗೆ ಕೊರಗು ಉಳಿಯಿತೆಂದೂ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ತಮ್ಮ ನಿರ್ಧಾರ ತಪ್ಪೆಂದು ಅವರು ಭಾವಿಸಲಿಲ್ಲ. ಹಿರಿಯ ಮಗ ಹರಿಲಾಲನು ಮಾತ್ರ 1911ರಲ್ಲಿ ತಂದೆಯನ್ನು ಬಿಟ್ಟು, ಶಾಲೆಯಲ್ಲಿ ಓದಬೇಕೆಂದು ಅಹಮದಾಬಾದಿಗೆ ಹೊರಟುಹೋದನು. ಗಾಂಧಿಯಂತಹ ತಂದೆಗೇ ಸಮಯ ಸಾಲದೆ ಹೋದಾಗ, ಅಂಗಡಿ, ಕಚೇರಿ, ಪ್ರಯಾಣಗಳ ನಡುವೆ ಬದುಕುವ ಇಂದಿನ ತಂದೆಗೆ ಸಮಯ ಸಾಕಾದೀತೆಂದು ನಂಬುವುದು ಹೇಗೆ? ತಂದೆಯ ಆದರ್ಶಕ್ಕೆ ಮಗನು ತೆರಬೇಕಾದ ಬೆಲೆಯನ್ನು ತಂದೆಯೊಬ್ಬನೇ ನಿಶ್ಚಯಿಸುವುದು ನ್ಯಾಯವೇ?

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಈ ಪ್ರಶ್ನೆ ಬಂದಿತ್ತು. ವಿಸ್ಕಾನ್ಸಿನ್ ರಾಜ್ಯದ ಆಮಿಷ್ ಪಂಥದ ಪೋಷಕರು, ಧಾರ್ಮಿಕ ಜೀವನಕ್ಕೆ ಧಕ್ಕೆ ಬರುವುದೆಂಬ ಕಾರಣದಿಂದ ಎಂಟನೆಯ ತರಗತಿಯ ಮೇಲೆ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. 1972ರಲ್ಲಿ ನ್ಯಾಯಾಲಯವು ಅವರ ಪರವಾಗಿ ತೀರ್ಪು ಕೊಟ್ಟಿತು. ಗೃಹಶಿಕ್ಷಣದ ಪರವಾಗಿ ಈ ತೀರ್ಪನ್ನು ಎತ್ತಿ ಹೇಳುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಲೋಕದಿಂದ ದೂರವಿರುವುದನ್ನೇ ಧರ್ಮವೆಂದು ಭಾವಿಸುವ ಆ ಪಂಥದವರು ಕೂಡ ತಮ್ಮ ಮಕ್ಕಳನ್ನು ಎಂಟನೆಯ ತರಗತಿಯವರೆಗೆ ಶಾಲೆಯಲ್ಲಿ ಓದಿಸಿದ್ದರು. ಎರಡನೆಯದು, ನ್ಯಾಯಮೂರ್ತಿ ಡಗ್ಲಸ್ ಅವರು ಭಾಗಶಃ ಭಿನ್ನಮತವನ್ನು ಬರೆದು, ಪೋಷಕರ ಹಕ್ಕಿನ ಮಾತಿನ ನಡುವೆ ಮಗುವಿನ ಇಚ್ಛೆಯನ್ನು ಕೇಳಬೇಕೆಂದರು. ಪ್ರತಿಯೊಂದು ಜೀವವೂ ಸ್ವತಂತ್ರವೆಂದು ಸಾರುವ ದರ್ಶನಕ್ಕೆ ಸೇರಿದವರಿಗೆ ಈ ಭಿನ್ನಮತವು ಅಪರಿಚಿತವಾಗಿ ಕೇಳಿಸಬಾರದು. ಮಗುವಿನ ಆತ್ಮವು ತಂದೆಯ ಪರಿಗ್ರಹವಲ್ಲ.

ಹೊರೆ ಯಾರ ಹೆಗಲಿಗೆ?

ಗೃಹಶಿಕ್ಷಣವೆಂದಾಗ ಮನೆಯಲ್ಲಿ ಕಲಿಸುವವರು ಯಾರೆಂಬುದನ್ನೂ ಕೇಳಬೇಕು. ಬಹುಮಟ್ಟಿಗೆ ತಾಯಿಯೇ. ಆಕೆ ಓದಿದವಳಾಗಿದ್ದರೆ ತನ್ನ ಉದ್ಯೋಗವನ್ನು ಬಿಡಬೇಕು; ಅಡುಗೆ, ಅತಿಥಿ, ವ್ರತ, ಪೂಜೆಗಳ ಜೊತೆಗೆ ಎಂಟು ವಿಷಯಗಳ ಶಿಕ್ಷಕಿಯೂ ಆಗಬೇಕು. 2001ರ ಜನಗಣತಿಯಲ್ಲಿ ದೇಶದ ಒಟ್ಟು ಸಾಕ್ಷರತೆ ಶೇಕಡಾ 64.8 ಇದ್ದಾಗ ಜೈನರ ಸಾಕ್ಷರತೆ ಶೇಕಡಾ 94.1, ಜೈನ ಮಹಿಳೆಯರದು ಶೇಕಡಾ 90.6 ಇತ್ತು. ಈ ಕೀರ್ತಿಯು ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂಡಿಸಿದ್ದರಿಂದ ಬಂದುದಲ್ಲ. ಹೊಸಿಲು ದಾಟಿಸಿದ್ದರಿಂದ ಬಂದುದು. ಬಾಲ್ಯದಲ್ಲಿಯೇ ವಿಧವೆಯಾದ ಪಂಡಿತೆ ಚಂದಾಬಾಯಿಯವರು ಬಿಹಾರದ ಆರಾ ನಗರದಲ್ಲಿ 1921ರಲ್ಲಿ ಜೈನ ಬಾಲಾ ವಿಶ್ರಾಮವನ್ನು ಕಟ್ಟಿದರು. ಮುಂಬಯಿಯ ದಾನಿ ಮಾಣಿಕಚಂದ ಹೀರಾಚಂದ ಝವೇರಿಯವರು ವಿಧವೆಯಾದ ಮಗಳು ಮಗನಬಾಯಿಗೆ ಮನೆಯಲ್ಲಿ ವಿದ್ಯೆ ಕೊಡಿಸಿದರು. ಆಕೆ ಆ ವಿದ್ಯೆಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳದೆ ಶ್ರಾವಿಕಾಶ್ರಮವನ್ನು ಸ್ಥಾಪಿಸಿದರು. ಗೃಹಶಿಕ್ಷಣವು ಸಾರ್ಥಕವಾಗುವುದು ಹೀಗೆ ಶಾಲೆಯಾಗಿ ಅರಳಿದಾಗ. ಮೊದಲು ಮಗಳನ್ನು ಶಾಲೆಯಿಂದ ಬಿಡಿಸುವುದು, ಅನಂತರ ಪಾಠವೂ ತಪ್ಪಿ ಅಡುಗೆಮನೆ ಮಾತ್ರ ಉಳಿಯುವುದು, ಇದು ಹಿಂದೆ ನಡೆದುದೇ. ಮತ್ತೆ ನಡೆಯದೆಂಬ ಭರವಸೆ ಯಾರು ಕೊಡಬಲ್ಲರು?

ಇನ್ನು ವರ್ಗದ ಪ್ರಶ್ನೆ. ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ, ರಾಯಬಾಗಗಳ ಜೈನರಲ್ಲಿ ಹೆಚ್ಚಿನವರು ಒಕ್ಕಲುತನವನ್ನು ನಂಬಿದವರು. ಬೆಳಗಾಗುವ ಮೊದಲೇ ಹೊಲಕ್ಕೆ ಹೋಗುವ ತಂದೆತಾಯಿಗಳಿಗೆ ಗೃಹಶಿಕ್ಷಣವು ಆಯ್ಕೆಯೇ ಅಲ್ಲ. ಅವರ ಮಕ್ಕಳು ಊರಿನ ಶಾಲೆಗೇ ಹೋಗಬೇಕು. ಅನುಕೂಲಸ್ಥರು ತಮ್ಮ ಮಕ್ಕಳನ್ನು ಹಿಂತೆಗೆದುಕೊಂಡು, ಅದನ್ನೇ ಶ್ರೇಷ್ಠ ಆಚಾರವೆಂದು ಹೊಗಳಿದರೆ, ಈ ರೈತರ ಮಕ್ಕಳು ಕೀಳು ಶ್ರಾವಕರೆಂದಾಗುವುದೇ? ಧರ್ಮದಲ್ಲಿ ಹೊಸದೊಂದು ಮೇಲು-ಕೀಳನ್ನು ಹುಟ್ಟಿಸುವ ಪದ್ಧತಿಯನ್ನು ಸಮಾಜವು ಎಚ್ಚರದಿಂದ ನೋಡಬೇಕು.

ಕಾನೂನಿನ ಸ್ಥಿತಿಯನ್ನೂ ಪೋಷಕರು ತಿಳಿದಿರಬೇಕು. ಜರ್ಮನಿಯಲ್ಲಿ ಶಾಲೆಗೆ ಹಾಜರಾಗುವುದು ಕಡ್ಡಾಯ. ಅಮೆರಿಕದ ಐವತ್ತು ರಾಜ್ಯಗಳಲ್ಲಿಯೂ ಗೃಹಶಿಕ್ಷಣಕ್ಕೆ ಕಾನೂನಿನ ಒಪ್ಪಿಗೆಯಿದೆ. ಭಾರತವು ಇವೆರಡರ ನಡುವೆ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹತ್ತನೆಯ ಪ್ರಕರಣದಲ್ಲಿ ಹೇಳುತ್ತದೆ. ಸೇರಿಸದವರಿಗೆ ದಂಡವನ್ನು ವಿಧಿಸುವುದಿಲ್ಲ. ದಂಡವಿಲ್ಲವೆಂಬುದನ್ನು ಅನುಮತಿಯೆಂದು ತಿಳಿಯುವುದು ವ್ಯಾಪಾರಿಯ ಜಾಣತನವಾದೀತು. ಶ್ರಾವಕನ ನೀತಿ ಅದಕ್ಕಿಂತ ಮೇಲಿನದು.

ಗಂಟೆಗಳ ಲೆಕ್ಕ

ಶಾಲೆಯೇ ಮಗುವನ್ನು ಕೆಡಿಸುತ್ತದೆ ಎನ್ನುವವರ ಮುಂದೆ ಸರಳವಾದ ಲೆಕ್ಕವೊಂದನ್ನು ಇಡಬಹುದು. ಅದೇ ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ ಹಾಗೂ 800 ಗಂಟೆಗಳ ಬೋಧನೆ ನಡೆಯಬೇಕು. ಆರರಿಂದ ಎಂಟರವರೆಗೆ 220 ದಿನ ಹಾಗೂ 1000 ಗಂಟೆಗಳು. ವರ್ಷದಲ್ಲಿರುವುದು 8760 ಗಂಟೆಗಳು. ದಿನಕ್ಕೆ ಹತ್ತು ಗಂಟೆಯಂತೆ ನಿದ್ರೆಗೆ 3650 ಗಂಟೆಗಳನ್ನು ಕಳೆದರೂ ಎಚ್ಚರದ ಗಂಟೆಗಳು 5110 ಉಳಿಯುತ್ತವೆ. ಅದರಲ್ಲಿ ಪಾಠಕ್ಕೆ ಹೋಗುವುದು ಹೆಚ್ಚೆಂದರೆ ಸಾವಿರ. ದಾರಿಯ ವೇಳೆ, ಆಟದ ವೇಳೆಗಳನ್ನು ಸೇರಿಸಿದರೂ ಮನೆಯ ಪಾಲೇ ಅಧಿಕ. ನಾಲ್ಕು ಸಾವಿರ ಗಂಟೆಗಳಲ್ಲಿ ಮನೆಯು ಕಟ್ಟಲಾರದ ಸಂಸ್ಕಾರವನ್ನು ಸಾವಿರ ಗಂಟೆಗಳಲ್ಲಿ ಶಾಲೆಯು ಕೆಡವುತ್ತದೆಯೆಂದರೆ, ದೋಷವಿರುವುದು ಕಟ್ಟಡದಲ್ಲಿ!

ಆ ನಾಲ್ಕು ಸಾವಿರ ಗಂಟೆಗಳು ಹೇಗೆ ಕಳೆಯುತ್ತಿವೆ? ರಾತ್ರಿ ಹತ್ತಕ್ಕೆ ಹೋಟೆಲಿನಿಂದ ತಿಂಡಿ ತರಿಸಿಕೊಳ್ಳುವ ತಂದೆ, ಮೊಬೈಲನ್ನು ಕೈಗಿತ್ತು ಮಗುವಿಗೆ ತುತ್ತು ತಿನ್ನಿಸುವ ತಾಯಿ, ವ್ಯಾಪಾರದಲ್ಲಿ ಸುಳ್ಳನ್ನು ಮಗುವಿನ ಎದುರಿನಲ್ಲಿಯೇ ಫೋನಿನಲ್ಲಿ ಹೇಳುವ ಅಜ್ಜ, ಇವರ ಮನೆಯಲ್ಲಿ ಮಗುವನ್ನು ಹಗಲೆಲ್ಲ ಕೂಡಿಸಿದರೆ ಅದು ಕಲಿಯುವುದೇನನ್ನು? ಸತ್ಯಾಣುವ್ರತಕ್ಕೆ ಭಂಗ ಬರುವುದು ಶಾಲೆಯ ಅಂಗಳದಲ್ಲಿ ಮಾತ್ರವೇ? ಗೃಹಶಿಕ್ಷಣಕ್ಕೆ ನಿಜವಾಗಿ ಅರ್ಹವಾದ ಮನೆಗಳಿವೆ. ಅಂತಹ ಮನೆಯ ಮಗು ಶಾಲೆಗೆ ಹೋದರೂ ಕೆಡುವುದಿಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ.

ಹಿರಿಯರು ತೋರಿದ ದಾರಿ

ನೂರಿಪ್ಪತ್ತು ವರ್ಷಗಳಿಗೂ ಹಿಂದೆ ದಕ್ಷಿಣದ ಜೈನ ಹಿರಿಯರ ಮುಂದೆಯೂ ಇದೇ ಸಮಸ್ಯೆಯಿತ್ತು. ಹಳ್ಳಿಯ ಹುಡುಗರು ಇಂಗ್ಲಿಷ್ ಶಾಲೆಗೆಂದು ಪಟ್ಟಣಕ್ಕೆ ಹೋದರೆ ಊಟಕ್ಕೇನು, ಆಚಾರಕ್ಕೇನು? ಶಾಲೆಯೇ ಬೇಡವೆಂದು ಅವರು ಹೇಳಲಿಲ್ಲ. 1899ರಲ್ಲಿ ನಿಪ್ಪಾಣಿಗೆ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಸ್ಥಾಪಿಸಿದರು. ಮುಂದೆ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಜೈನ ಬೋರ್ಡಿಂಗುಗಳು ನಡೆದವು. ಹಗಲಿನಲ್ಲಿ ಎಲ್ಲರೊಡನೆ ಊರಿನ ಶಾಲೆ. ಸೋಸಿದ ನೀರು, ಹೊತ್ತಿಗೆ ಮುನ್ನ ಊಟ, ಬಸದಿಯ ದರ್ಶನ, ಸ್ವಾಧ್ಯಾಯ ಇವು ಬೋರ್ಡಿಂಗಿನಲ್ಲಿ. ಶಾಲೆಯು ಲೋಕದೊಡನೆ, ಅಡುಗೆಮನೆಯು ಧರ್ಮದೊಡನೆ ಎಂಬ ಈ ಸರಳ ಏರ್ಪಾಡಿನಿಂದ ಹಲವು ತಲೆಮಾರುಗಳ ವಕೀಲರೂ ವೈದ್ಯರೂ ಶಿಕ್ಷಕರೂ ಹೊರಬಂದರು.

ಆ ಬೋರ್ಡಿಂಗುಗಳಲ್ಲಿಯೂ ಗೋಡೆಗಳಿದ್ದವೆಂಬುದನ್ನು ಮರೆಯಬಾರದು. 1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ, ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಸಮಾರಂಭಕ್ಕೆ ಹೋಗಿಬಂದು ಸ್ನಾನ ಮಾಡಲು ಒಪ್ಪದ ಕಾರಣ ಹೊರಬೀಳಬೇಕಾಯಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಶುದ್ಧಿಯ ಹೆಸರಿನಲ್ಲಿ ಹೊರಗಟ್ಟಿದ ಆ ಹುಡುಗನೇ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರದಲ್ಲಿ ಅವರು ನಡೆಸಿದ ವಸತಿನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಉಂಡು ಓದಿದರು. 1927ರಲ್ಲಿ ಗಾಂಧಿಯವರು ಅಲ್ಲಿಗೆ ಬಂದು ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು. ಜೈನ ಮನೆಯ ಸಂಸ್ಕಾರವು ಲೋಕಕ್ಕೆ ಏನನ್ನು ಕೊಡಬಲ್ಲದು ಎಂಬುದಕ್ಕೆ ಕರ್ಮವೀರರಿಗಿಂತ ದೊಡ್ಡ ಸಾಕ್ಷಿ ಬೇಕೆ?

ಒಳಗಿದ್ದು ಹೋರಾಡುವವರಿಂದಲೇ ಶಾಲೆಯೂ ಬದಲಾಗುತ್ತದೆ. ಪ್ರಾಣಿಗಳನ್ನು ಕೊಯ್ದು ಕಲಿಯುವ ಪದ್ಧತಿಯನ್ನು ವಿದ್ಯಾರ್ಥಿಗಳೂ ಪ್ರಾಣಿದಯಾಪರರೂ ವರ್ಷಗಳ ಕಾಲ ಪ್ರಶ್ನಿಸಿದ್ದರಿಂದಲೇ, ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಅದನ್ನು ನಿಲ್ಲಿಸುವಂತೆ ಸೂಚಿಸಿತು. ಮನಸ್ಸಾಕ್ಷಿಯುಳ್ಳ ಮಕ್ಕಳೆಲ್ಲ ತರಗತಿಯನ್ನು ಬಿಟ್ಟು ಮನೆ ಸೇರಿದ್ದರೆ ಅಲ್ಲಿ ಪ್ರಶ್ನಿಸುವವರು ಯಾರಿರುತ್ತಿದ್ದರು?

ಟ್ರಸ್ಟುಗಳ ಹೊಣೆ

ಆದುದರಿಂದ ಪ್ರಶ್ನೆಯು ಕಡೆಗೆ ಬಂದು ನಿಲ್ಲುವುದು ಬಸದಿಗಳ ಟ್ರಸ್ಟುಗಳ ಬಾಗಿಲಲ್ಲಿ. ಪಂಚಕಲ್ಯಾಣ ಮಹೋತ್ಸವಕ್ಕೆ ಲಕ್ಷಗಟ್ಟಲೆ ವೆಚ್ಚವಾಗುತ್ತದೆ. ಅಮೃತಶಿಲೆ ಹಾಸುತ್ತಾರೆ, ಮಹಾದ್ವಾರ ನಿಲ್ಲಿಸುತ್ತಾರೆ. ಅದೇ ಬಸದಿಯ ಪಾಠಶಾಲೆಯು ಜಗಲಿಯ ಮೂಲೆಯಲ್ಲಿ, ಭಾನುವಾರ ಒಂದು ಗಂಟೆ, ಗೌರವಧನವೂ ಇಲ್ಲದ ಒಬ್ಬ ವೃದ್ಧ ಪಂಡಿತರಿಂದ ನಡೆಯುತ್ತದೆ. ಪ್ರಭಾವನೆಯು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದು. ಸ್ಥಿತಿಕರಣವೂ ಅದೇ ಎಂಟರಲ್ಲಿ ಸೇರಿದೆ. ಅಲುಗಾಡುತ್ತಿರುವವರನ್ನು ಧರ್ಮದಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಶಾಲೆಗೂ ಮನೆಗೂ ನಡುವೆ ಅಲುಗಾಡುತ್ತಿರುವ ಮಗುವಿಗಿಂತ ಅದರ ಅವಶ್ಯಕತೆಯಿರುವವರು ಬೇರಾರು?

ಟ್ರಸ್ಟುಗಳು ಮಾಡಬಹುದಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಪಾಠಶಾಲೆಗೆ ಯೋಗ್ಯ ಸಂಬಳದ, ತರಬೇತಿ ಪಡೆದ ಶಿಕ್ಷಕರನ್ನು ನೇಮಿಸಬಹುದು. ಬಸದಿಯ ಸಭಾಭವನದಲ್ಲಿ ಸಂಜೆ ಐದಕ್ಕೆ ಸರಳ ಊಟವನ್ನಿತ್ತು, ಅಲ್ಲಿಯೇ ಶಾಲೆಯ ಪಾಠಗಳನ್ನು ಓದಿಸಿದರೆ ಟ್ಯೂಷನ್ನಿನ ಹಾವಳಿಯೂ ತಪ್ಪುತ್ತದೆ, ರಾತ್ರಿಭೋಜನವೂ ತಪ್ಪುತ್ತದೆ. ಆ ಪಂಕ್ತಿಗೆ ನೆರೆಯ ಜೈನೇತರ ಮಕ್ಕಳನ್ನೂ ಕೂಡಿಸಿಕೊಂಡರೆ ಅಹಿಂಸೆಯ ರುಚಿ ಅವರಿಗೂ ತಿಳಿಯುತ್ತದೆ. ಶಿಥಿಲವಾಗಿರುವ ಹಳೆಯ ಬೋರ್ಡಿಂಗುಗಳನ್ನು ದುರಸ್ತಿ ಮಾಡಿ, ಹೆಣ್ಣುಮಕ್ಕಳಿಗೂ ಸಮನಾದ ವ್ಯವಸ್ಥೆ ಕಲ್ಪಿಸಬಹುದು. ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಆಹಾರದ ನಿಯಮಗಳನ್ನೂ ಪರ್ಯೂಷಣದ ದಿನಗಳ ಅಗತ್ಯಗಳನ್ನೂ ವಿನಯದಿಂದ ತಿಳಿಸಬಹುದು. ಅನಿವಾರ್ಯ ಕಾರಣದಿಂದ ಮಗುವನ್ನು ಮನೆಯಲ್ಲಿ ಓದಿಸುತ್ತಿರುವ ಕುಟುಂಬವನ್ನು ದೂರವಿಡದೆ, ಆ ಮಗುವು ಪಾಠಶಾಲೆಯಲ್ಲಿ ಇತರ ಮಕ್ಕಳೊಡನೆ ಬೆರೆಯುವಂತೆ ಮಾಡಬಹುದು. ಇದಕ್ಕೆ ಮಹಾದ್ವಾರದ ವೆಚ್ಚದ ಒಂದು ಪಾಲು ಸಾಕು.

ಮೂಡಬಿದರೆಯ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳನ್ನು ಹಿರಿಯರು ಶತಮಾನಗಳ ಕಾಲ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರು. ಅವರ ಭಕ್ತಿಯಿಲ್ಲದಿದ್ದರೆ ಆ ಸಿದ್ಧಾಂತವು ಉಳಿಯುತ್ತಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಅದನ್ನು ಓದುವವರೂ ಇರಲಿಲ್ಲ, ಗರಿಗಳು ಸವೆಯುವುದೂ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಚ್ಚಾಗಿ ಹೊರಬಂದ ಮೇಲೆ ಆ ಜ್ಞಾನವು ಮತ್ತೆ ಓದುವವರ ಕೈ ಸೇರಿತು. ಮನೆಯು ಕಾಪಾಡಬೇಕು, ಕಾಲ ಬಂದಾಗ ತೆರೆಯಬೇಕು. ಐದು-ಆರು ವರ್ಷಗಳವರೆಗೆ ಮಡಿಲಿನಲ್ಲಿ ಪಂಚನಮಸ್ಕಾರ ಮಂತ್ರವನ್ನು ಕಲಿಸಿದ ತಾಯಿಯು, ಮರುದಿನ ಮಗುವಿನ ಬುತ್ತಿಯನ್ನು ಕಟ್ಟಿ, ಶಾಲೆಯ ಬಾಗಿಲವರೆಗೆ ನಡೆಸಿ, ಅಲ್ಲಿ ಕೈ ಬಿಡಬೇಕು. ಬುತ್ತಿಯಲ್ಲಿ ಏನಿರಬೇಕೆಂಬುದು ಅವಳ ಕೈಯಲ್ಲಿದೆ. ಸಂಜೆ ಮಗು ಮರಳಿ ಬಂದಾಗ ದೀಪ ಹಚ್ಚುವ ಮುನ್ನ ಊಟಕ್ಕೆ ಮಣೆ ಹಾಕಿರಬೇಕೆಂಬುದೂ ಆ ಮನೆಯವರ ಕೈಯಲ್ಲಿಯೇ ಇದೆ.